ಶೀಟ್ ಫಿಲಂಗೆ ರೋಡಿನಾಲ್: ಕೆಲವು ವರ್ಷ ಬಳಸಿದ ಮೇಲೆ

ಮನೆಯಲ್ಲೇ 4x5 ಶೀಟ್ (4x5 ಇಂಚಿನ ಬಿಡಿ ಹಾಳೆಯ ಫಿಲಂ) ಡೆವಲಪ್ ಮಾಡುವವರು ಯಾವ ಡೆವಲಪರ್ (ಫಿಲಂ ಮೇಲೆ ಚಿತ್ರ ಮೂಡಿಸುವ ರಾಸಾಯನಿಕ) ತಗೋಬೇಕು ಅಂತ ಕೇಳಿದರೆ ನಾನು ರೋಡಿನಾಲ್ ಅಂತಲೇ ಹೇಳುತ್ತೇನೆ. ಮುಖ್ಯ ಕಾರಣ, ಅದು ಕೆಡಲ್ಲ. ಒಂದು ತಿಂಗಳು ನಾಲ್ಕು ಶೀಟ್ ತೆಗೆದರೆ ಆಮೇಲೆ ಮಳೆಗಾಲ ಪೂರ್ತಿ ಕ್ಯಾಮೆರಾ ಪೆಟ್ಟಿಗೆಯಲ್ಲೇ ಇರುತ್ತದೆ, ಅಷ್ಟರಲ್ಲಿ ಕಲಸಿಟ್ಟ ಡಿ-76 ಡೆವಲಪರ್ ಹಳತಾಗಿರುತ್ತದೆ. ರೋಡಿನಾಲ್ ಮಾತ್ರ ಡಿಕಾಕ್ಷನ್ ಥರ ಕಪ್ಪಾದರೂ ಕೆಲಸ ಮಾಡುತ್ತದೆ.

ರೋಡಿನಾಲ್‌ನಲ್ಲಿ ಗ್ರೇನ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಜಾಸ್ತಿ ಅನ್ನುವ ದೂರು 35 ಎಂಎಂಗೆ ಸರಿ. 4x5 ನೆಗೆಟಿವ್‌ನಿಂದ 16x20 ಪ್ರಿಂಟ್ ಹಾಕಿದರೂ ನಾಲ್ಕೇ ಪಟ್ಟು ಅಲ್ವಾ, ಅಲ್ಲಿ ಗ್ರೇನ್ ಕಣ್ಣಿಗೇ ಬೀಳಲ್ಲ, ಎಲೆ, ಕಲ್ಲು, ಮರದ ತೊಗಟೆ ಎಲ್ಲ ಚುರುಕಾಗಿ ಬರುತ್ತವೆ.

ನನ್ನ ಲೆಕ್ಕ ಇಷ್ಟೇ: 10 ಮಿಲಿ ರೋಡಿನಾಲ್, 500 ಮಿಲಿ ನೀರು, ನಾಲ್ಕು ಶೀಟ್. ನಾಲ್ಕು ಶೀಟ್ ಅಂದರೆ ಹೆಚ್ಚುಕಮ್ಮಿ ಒಂದು 35 ಎಂಎಂ ರೋಲ್‌ನಷ್ಟೇ ಜಾಗ, ಅದಕ್ಕೆ 10 ಮಿಲಿಗಿಂತ ಕಮ್ಮಿ ಹಾಕಬೇಡಿ. ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಅಳೆಯಿರಿ. ಗ್ಲೌಸ್ ಬೇಕೇ ಬೇಕು, ಅದು ಕಟು ಕ್ಷಾರ. ಇಲ್‌ಫರ್ಡ್ ಎಫ್‌ಪಿ4 ಪ್ಲಸ್ ಫಿಲಂಗೆ 20 ಡಿಗ್ರಿಯಲ್ಲಿ 15 ನಿಮಿಷ.

ಆ 20 ಡಿಗ್ರಿಯೇ ನಮ್ಮ ಕಡೆ ದೊಡ್ಡ ಕೆಲಸ. ಬೇಸಿಗೆಯಲ್ಲಿ ಬೆಂಗಳೂರಿನ ಟ್ಯಾಂಕ್ ನೀರು ಮಧ್ಯಾಹ್ನ ಬೆಚ್ಚಗೇ ಬರುತ್ತದೆ. ಡೆವಲಪರ್‌ಗೇ ಐಸ್ ಹಾಕಿದರೆ ಅಳತೆ ಕೆಡುತ್ತದೆ. ಅದಕ್ಕೇ ದೊಡ್ಡ ಬೇಸಿನ್‌ನಲ್ಲಿ ಐಸ್ ನೀರು ತುಂಬಿ, ಒಳಗೆ ಜಗ್ಗು ಇಟ್ಟು, ಥರ್ಮಾಮೀಟರ್ ನೋಡುತ್ತಾ ಇಳಿಸುತ್ತೇನೆ. ಸ್ಟಾಪ್ (ಡೆವಲಪರ್ ಕೆಲಸ ನಿಲ್ಲಿಸುವ ದ್ರಾವಣ), ಫಿಕ್ಸರ್ (ಚಿತ್ರ ಕಾಯಂ ಮಾಡುವ ದ್ರಾವಣ), ತೊಳೆಯೋ ನೀರು ಕೂಡ ಆ 20 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು.

ಟ್ರೇಯಲ್ಲಿ ಮಾಡುವವರು ಮೊದಲು ಶೀಟ್‌ಗಳನ್ನು ಒಂದೊಂದಾಗಿ ಬರೀ ನೀರಿನಲ್ಲಿ ನೆನೆಸಿ, ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕತ್ತಲಲ್ಲಿ ಶೀಟನ್ನು ಉದ್ದಕ್ಕೆ ಹಿಡಿದಾಗ ಅಂಚಿನಲ್ಲಿ ಗುರುತಿಗೆ ಕತ್ತರಿಸಿದ ಕಚ್ಚು ಬಲಗಡೆ ಮೇಲಿನ ಮೂಲೆಯಲ್ಲಿ ಬೆರಳಿಗೆ ಸಿಕ್ಕಿದರೆ ಎಮಲ್ಷನ್ (ಚಿತ್ರ ಮೂಡುವ ಲೇಪನ) ನಿಮ್ಮ ಕಡೆಗಿದೆ ಅಂತ ಅರ್ಥ. ಅದೇ ಮೈ ಮೇಲಿರಲಿ. ಅಡಿಯ ಶೀಟನ್ನು ಮೆಲ್ಲಗೆ ಎಳೆದು ಮೇಲೆ ಇಡಿ, ಹಾಗೇ ಮುಂದುವರಿಸಿ. ಮೂಲೆಗಳು ಒದ್ದೆ ಎಮಲ್ಷನ್ ಗೀರುವುದು ಸಲೀಸು, ಅವಸರ ಬೇಡ.

ಬೋರ್‌ವೆಲ್ ನೀರಾದರೆ ಕೊನೆಯ ಜಾಲಾಟಕ್ಕೆ ಡಿಸ್ಟಿಲ್ಡ್ ವಾಟರೇ ಬಳಸಿ, ಒಣಗಿದ ಮೇಲೆ ಆಕಾಶದ ಭಾಗದಲ್ಲಿ ಬಿಳಿ ಕಲೆ ಉಳಿಯಲ್ಲ.

ಒಂದು ಕಡೆ ಮಾತ್ರ ಇದನ್ನು ಹೇಳಲ್ಲ. ಮಬ್ಬು ಬೆಳಕಿನಲ್ಲಿ ಎಚ್‌ಪಿ5 ಫಿಲಂ ಪುಶ್ ಮಾಡುವವರಿಗೆ (ಕಮ್ಮಿ ಬೆಳಕು ಕೊಟ್ಟು ತೆಗೆದು, ಹೆಚ್ಚು ಹೊತ್ತು ಡೆವಲಪ್ ಮಾಡುವವರಿಗೆ) ನೆರಳಿನ ವಿವರ ಕೈಕೊಡುತ್ತದೆ, ಅವರು ಬೇರೆ ಡೆವಲಪರ್ ನೋಡಲಿ. ಬೆಳಗಿನ ಬೆಳಕಲ್ಲಿ ಟ್ರೈಪಾಡ್ ಹಾಕಿ ನಿಧಾನಕ್ಕೆ ತೆಗೆಯುವವರು ಕಣ್ಣು ಮುಚ್ಚಿ ತಗೊಳ್ಳಿ.