ರಾತ್ರಿ ಉಳಿಯಲು ಹಾಸನವೋ, ಚಿಕ್ಕಮಗಳೂರೋ?

ನನ್ನ ಓಟು ಹಾಸನಕ್ಕೆ. ಬೆಂಗಳೂರಿನ ಸ್ನೇಹಿತರು ಇದನ್ನು ಒಪ್ಪುವುದಿಲ್ಲ. ಬೆಟ್ಟ, ಮಂಜು ಅಂತ ಹೊರಟವರಿಗೆ ಚಿಕ್ಕಮಗಳೂರೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಬೇಕಾಗಿರುವುದು ಸಂಜೆ ಆರರ ಮೇಲಿನ ಊರು. ಜನ ಏನು ತಿನ್ನುತ್ತಾರೆ, ಯಾವ ಹಾಡು ಕೇಳುತ್ತಾರೆ, ಎಷ್ಟು ಹೊತ್ತಿನವರೆಗೆ ಬೀದಿಯಲ್ಲಿರುತ್ತಾರೆ ಅಂತ ನೋಡೋಕೇ ನಾನು ಹೋಗುವುದು.

ಚಿಕ್ಕಮಗಳೂರಿನಲ್ಲಿ ನಾವು ಹಿಡಿದದ್ದು ಕಾಫಿ ತೋಟದೊಳಗಿನ ಒಂದು ಹೋಂಸ್ಟೇ. ಒಬ್ಬರಿಗೆ 2,800 ರೂಪಾಯಿ. ಊಟ, ಕ್ಯಾಂಪ್‌ಫೈರ್, ಮ್ಯೂಸಿಕ್ ಎಲ್ಲ ಸೇರಿ. ಪೇಟೆಯಿಂದ ಇಪ್ಪತ್ತೇ ನಿಮಿಷ ಅಂದಿದ್ದರು.

ಆ ಇಪ್ಪತ್ತು ನಿಮಿಷವೇ ಇಡೀ ರಾತ್ರಿಯನ್ನು ನುಂಗಿತು. ಅದು ಸ್ವಂತ ಗಾಡಿ ಇದ್ದವರ ಲೆಕ್ಕ. ನಾವು ಬಸ್ಸಿನಲ್ಲಿ ಬಂದವರು. ಕತ್ತಲಾದ ಮೇಲೆ ತೋಟದ ರಸ್ತೆಗೆ ಆಟೊ ಬರುವುದು ಕಷ್ಟ. ಬಂದರೂ ಖಾಲಿ ವಾಪಸ್ ಹೋಗಬೇಕಲ್ಲ, ಎರಡೂ ಕಡೆಯ ಬಾಡಿಗೆ ಕೊಡಬೇಕು. ನಡೆದೇ ಹೋಗೋಣ ಅಂದರೆ ಆನೆ ಓಡಾಡುವ ಜಾಗ, ಬೇಡ ಅಂದರು. ಅವರು ಹೇಳಿದ್ದು ನ್ಯಾಯವೇ. ಹೋಂಸ್ಟೇಯ ಜೀಪು ಕೇಳಿದೆವು. ಅದಕ್ಕೆ ಬೇರೆ ದುಡ್ಡು, ಮತ್ತೆ ಒಂಬತ್ತರೊಳಗೆ ವಾಪಸ್ ಬರಬೇಕು. ಇದನ್ನು ಮೊದಲೇ ಹೇಳಿದ್ದರೆ ಪೇಟೆಯಲ್ಲೇ ರೂಮು ಹಿಡಿಯುತ್ತಿದ್ದೆವು.

ಸರಿ, ಅಲ್ಲೇ ಉಳಿದೆವು. ಮ್ಯೂಸಿಕ್ ಅಂದರೆ ಸ್ಪೀಕರಿನಲ್ಲಿ ಹಿಂದಿ ಹಾಡು. ಹತ್ತಕ್ಕೆ ಬಂದ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಸ್ಪೀಕರ್ ಹಾಕುವಂತಿಲ್ಲ, ಅದು ಇರಲೇಬೇಕಾದ ನಿಯಮ. ನನಗೆ ನಿಜವಾಗಿ ಬೇಜಾರಾದದ್ದು ಊಟ. ಮಳೆಗಾಲದ ಮಲೆನಾಡಿನಲ್ಲಿ ಕಳಲೆ, ಪತ್ರೊಡೆ, ಕಡುಬಿನ ಜೊತೆ ಕೋಳಿಸಾರು ಬಿಟ್ಟು ಗೋಬಿ ಮಂಚೂರಿ, ಪನ್ನೀರ್, ಜೀರಾ ರೈಸ್. ಅಡುಗೆ ಮಾಡಿದವರೂ ಆ ಕಡೆಯವರೇ. ಅವರ ಮನೆಯ ಒಲೆಯ ಮೇಲೆ ಇದ್ದದ್ದನ್ನೇ ಬಡಿಸಿದ್ದರೆ ಸಾಕಿತ್ತು.

ಪೇಟೆ ಮಾತ್ರ ಚೆನ್ನಾಗಿದೆ. ಟೌನ್ ಕ್ಯಾಂಟೀನಿನ ಮಸಾಲೆ ದೋಸೆಗೆ ಕಾಯುವುದರಲ್ಲಿ ಅರ್ಥವಿದೆ. ಎಂ.ಜಿ. ರಸ್ತೆಯಲ್ಲಿ ಕಾಫಿ ಪುಡಿ ಅಂಗಡಿ ದಾಟುವಾಗ ಕಾಲು ತಾನಾಗಿ ನಿಧಾನವಾಗುತ್ತದೆ. ಕಾಫಿಯಲ್ಲಿ ಹಾಸನ ಸೋಲುತ್ತದೆ.

ಹಾಸನದಲ್ಲಿ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಸಾಧಾರಣ ಲಾಡ್ಜು, ಇಬ್ಬರಿಗೆ ಸೇರಿ 1,100. ಗೋಡೆ, ಮಂಚ, ಬಿಸಿನೀರು, ಅಷ್ಟೇ. ಆದರೆ ಮೆಟ್ಟಿಲಿಳಿದರೆ ಊರು. ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಚಳಿಗಾಲದ ಸಂಜೆ ಸೊಗಡಿನ ಅವರೆಕಾಯಿ ರಾಶಿ, ಮಿಲಿಟರಿ ಹೋಟೆಲಿನಲ್ಲಿ ಬಿಸಿ ಮುದ್ದೆ, ನಾಟಿಕೋಳಿ ಸಾರು. ಈ ಜಿಲ್ಲೆಯಲ್ಲಿ ಅರ್ಧ ಬಯಲುಸೀಮೆ, ಅರ್ಧ ಮಲೆನಾಡು. ಹಾಗಾಗಿ ಒಂದೇ ಪೇಟೆಯಲ್ಲಿ ಮುದ್ದೆಯೂ ಸಿಗುತ್ತದೆ, ಅಕ್ಕಿರೊಟ್ಟಿಯೂ ಸಿಗುತ್ತದೆ.

ಊಟಕ್ಕಿಂತ ದೊಡ್ಡದು ನಾಟಕ. ಹಾಸನಾಂಬ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕ ಇದೆಯಾ ಅಂತ ಸರ್ಕಲ್ಲಿನ ಫ್ಲೆಕ್ಸ್ ನೋಡಿ. 'ಕುರುಕ್ಷೇತ್ರ' ಇದ್ದರೆ ಬೇರೆ ಪ್ಲಾನ್ ಬಿಟ್ಟುಬಿಡಿ. ಪಾತ್ರ ಮಾಡುವವರು ರೈತರು, ಮೇಷ್ಟ್ರು, ಅಂಗಡಿಯವರು. ಕೃಷ್ಣ, ದುರ್ಯೋಧನ, ಭೀಮನ ಪಾತ್ರಕ್ಕೆ ತಾವೇ ಕೈಯಿಂದ ದುಡ್ಡು ಹಾಕುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿಯುತ್ತಾರೆ. ಕೃಷ್ಣ ಕಂದಪದ್ಯ ಎತ್ತಿದಾಗ ಹಿಂದಿನ ಸೀಟಿನಿಂದ 'ಒನ್ಸ್ ಮೋರ್' ಅಂತ ಕೂಗು ಬರುತ್ತದೆ. ಅವನ ಊರಿನವರು ನಾಟಕದ ನಡುವೆಯೇ ಸ್ಟೇಜು ಹತ್ತಿ ಹಾರ ಹಾಕುತ್ತಾರೆ, ಆಮೇಲೆ ಯುದ್ಧ ಮುಂದುವರಿಯುತ್ತದೆ. ಪಕ್ಕದಲ್ಲಿ ಕೂತ ಅಜ್ಜಿ ಯಾರ ಮಗ ಯಾವ ಪಾತ್ರ ಅಂತ ನನಗೆ ಒಂದೊಂದಾಗಿ ಹೇಳಿದರು. ಲೈವ್ ಮ್ಯೂಸಿಕ್ ಬೇಕು ಅನ್ನುವವರಿಗೆ ಇದಕ್ಕಿಂತ ಲೈವ್ ಇನ್ನೇನು ಬೇಕು? ನಾವು ನೋಡಿದ್ದಕ್ಕೆ ಟಿಕೆಟ್ಟೂ ಇರಲಿಲ್ಲ.

ಆಶ್ವಯುಜದಲ್ಲಿ ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆದ ದಿನಗಳಲ್ಲಂತೂ ಊರಿಗೆ ಊರೇ ದೀಪ, ರಾತ್ರಿಯೆಲ್ಲ ಸಾಲು. ಆಗ ರೂಮು ಸಿಗುವುದು ಕಷ್ಟ, ಮೊದಲೇ ಹೇಳಿಡಿ.

ನಾನು ರಾತ್ರಿ ಗಾಡಿ ಓಡಿಸುವುದಿಲ್ಲ, ರೂಮಿಗೆ ಜಾಸ್ತಿ ದುಡ್ಡು ಹಾಕುವುದಿಲ್ಲ, ಹನ್ನೊಂದಕ್ಕೆ ಮೊದಲು ಮಲಗುವುದಿಲ್ಲ. ಹಾಗಾಗಿ ಹಾಸನವೇ ನನಗೆ ಸರಿ. ಬೆಂಗಳೂರು–ಮಂಗಳೂರು ಹೆದ್ದಾರಿಯ ಊರು, ತಡವಾದರೂ ಬಸ್ಸು ಸಿಗುತ್ತದೆ. ಮಕ್ಕಳು, ಕಾರು, ಎರಡು ದಿನದ ಮೌನ ಬೇಕಾದವರು ತೋಟದ ಮನೆಗೇ ಹೋಗಲಿ. ಆದರೆ ಊಟಕ್ಕೆ ಏನು ಅಂತ ಫೋನಿನಲ್ಲೇ ಕೇಳಿ, ಕಡುಬು ಮಾಡಿಕೊಡ್ತೀರಾ ಅನ್ನಿ.

ಎರಡೂ ಬೇಕು ಅನ್ನುವವರು ರಾತ್ರಿ ಹಾಸನದಲ್ಲಿ ಕಳೆಯಿರಿ. ಬೆಳಗ್ಗೆ ಬಸ್ಸು ಹತ್ತಿ. ಬೇಲೂರಿನಲ್ಲಿ ಇಳಿದು ದೇವಸ್ಥಾನ ನೋಡಿ, ಅಲ್ಲಿಂದ ಚಿಕ್ಕಮಗಳೂರು ಬರೀ 24 ಕಿಲೋಮೀಟರ್. ಸಂಜೆಯ ದೋಸೆ ತಿಂದು, ಕಾಲು ಕೆಜಿ ಕಾಫಿ ಪುಡಿ ಕಟ್ಟಿಸಿಕೊಂಡು ವಾಪಸ್ ಬನ್ನಿ.