ಕ್ಯಾಬಿನ್ನಿನೊಳಗೇ ಎಂಜಿನ್ನು: ಮಲೆನಾಡಿಗೆ ಹಳೆಯ ಟ್ರಾವೆಲರ್ ಕ್ಯಾಂಪರ್ ಕೊಳ್ಳಬಹುದೇ?

ಸೆಕೆಂಡ್‌ಹ್ಯಾಂಡ್ ಕ್ಯಾಂಪರ್ ಅಂತ ನಮ್ಮ ಕಡೆ ಮಾರಾಟಕ್ಕೆ ಬರುವ ಡೀಸೆಲ್ ಗಾಡಿಗಳಲ್ಲಿ ಬಹುಪಾಲು ಹಿಂದಿನ ಜನ್ಮದಲ್ಲಿ ಧರ್ಮಸ್ಥಳ, ಶೃಂಗೇರಿ, ಹೊರನಾಡು ಟ್ರಿಪ್ ಹೊಡೆದ ಟೆಂಪೊ ಟ್ರಾವೆಲರ್‌ಗಳು. ಸೀಟು ಕಿತ್ತು, ಮಂಚ, ಸಿಂಕು, ಒಲೆ ಕೂರಿಸಿ, ಹಳದಿ ಎಲ್‌ಇಡಿ ಪಟ್ಟಿ ಎಳೆದಿರುತ್ತಾರೆ. ಮಾರುವವರು ಮೊದಲು ತೋರಿಸುವುದು ಇದನ್ನೇ. ನೀವು ಇದನ್ನು ಕೊನೆಗೆ ನೋಡಿ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರದ ಕಡೆ ಇಟ್ಟುಕೊಳ್ಳುವ ಗಾಡಿಗೆ ಬೆಲೆ ಕಟ್ಟುವ ಮೊದಲು ಎಂಜಿನ್ನಿನ ಬಿಸಿ ಎಲ್ಲಿಗೆ ಹೋಗುತ್ತದೆ, ಮಳೆನೀರು ಎಲ್ಲಿಂದ ಒಳಗೆ ಬರುತ್ತದೆ ಎಂಬೆರಡು ಗೊತ್ತಾಗಬೇಕು.

ಟ್ರಾವೆಲರ್ 1987ರಲ್ಲಿ ಬಜಾಜ್ ಟೆಂಪೊ ಹೆಸರಿನಡಿ ಬಂದದ್ದು. ಕಂಪನಿ ಈಗ ಫೋರ್ಸ್ ಮೋಟಾರ್ಸ್. ಮೂಲ ವಿನ್ಯಾಸ ಮರ್ಸಿಡಿಸ್‌ನ ಟಿ1 ವ್ಯಾನಿನದು, 2.6 ಲೀಟರ್ ಎಂಜಿನ್ನೂ ಮರ್ಸಿಡಿಸ್‌ನ ಓಎಂ616 ವಂಶದ್ದೇ. ಬಾನೆಟ್ ಮೋಟು. ಹಾಗಾಗಿ ಎಂಜಿನ್ನಿನ ಮುಂದಿನ ಭಾಗ ಬಾನೆಟ್ ಅಡಿಗೆ, ಹಿಂದಿನ ಭಾಗ ಡ್ರೈವರ್ ಮತ್ತು ಪಕ್ಕದ ಸೀಟಿನ ನಡುವೆ ಡಬ್ಬದಂಥ ಮುಚ್ಚಳದ ಕೆಳಗೆ. ಈ ಮುಚ್ಚಳವೇ ಈ ಗಾಡಿಯ ಗುಣವೂ ಹೌದು, ಕಾಟವೂ ಹೌದು. ಸುರಿವ ಮಳೆಯಲ್ಲಿ ಹಿಂದಿನ ಇಂಜೆಕ್ಟರನ್ನೋ ಪೈಪನ್ನೋ ಒಳಗೇ ಕೂತು ನೋಡಬಹುದು. ಆಷಾಢದಲ್ಲಿ ನಾಗೋಡಿಯ ಹತ್ತಿರ ನಿಂತ ಗಾಡಿಗೆ ಇದು ಸಣ್ಣ ಸೌಕರ್ಯವಲ್ಲ. ಆದರೆ ಮುಚ್ಚಳದ ಅಂಚಿನ ರಬ್ಬರ್ ಬೀಡಿಂಗ್ ಒಣಗಿ ಬಿರುಕು ಬಿಟ್ಟಿದ್ದರೆ ಬಿಸಿಗಾಳಿ, ಡೀಸೆಲ್ ವಾಸನೆ, ಕೆಲವೊಮ್ಮೆ ಹೊಗೆಯೂ ನೇರ ಮಲಗುವ ಜಾಗಕ್ಕೆ ಬರುತ್ತದೆ. ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿ ತೆರೆದಿರುತ್ತಿತ್ತು, ಯಾರೂ ಗಮನಿಸುತ್ತಿರಲಿಲ್ಲ. ಕ್ಯಾಂಪರಿನಲ್ಲಿ ಎಲ್ಲ ಮುಚ್ಚಿರುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಚಾಲೂ ಇಟ್ಟು, ಕಿಟಕಿ ಬಾಗಿಲು ಮುಚ್ಚಿ, ಊದುಬತ್ತಿ ಹಚ್ಚಿ ಮುಚ್ಚಳದ ಸುತ್ತ ನಿಧಾನಕ್ಕೆ ಹಿಡಿಯಿರಿ. ಹೊಗೆ ನೆಟ್ಟಗೆ ಏಳದೆ ಒಂದು ಕಡೆ ಅಲುಗಿದರೆ ಅಲ್ಲಿ ಸಂದು ಇದೆ. ಹೊಸ ಬೀಡಿಂಗ್ ಅಗ್ಗ. ಮುಚ್ಚಳ ಸೊಟ್ಟಗಾಗಿದ್ದರೆ, ಹಿಡಿಯುವ ಕ್ಲಿಪ್ಪುಗಳು ಹೋಗಿದ್ದರೆ ಕೆಲಸ ಹೆಚ್ಚು. ಕ್ಯಾಂಪರ್ ಮಾಡಿದವರು ಅಂದಕ್ಕೆಂದು ಮುಚ್ಚಳದ ಮೇಲೆ ಪ್ಲೈವುಡ್ ಮೇಜು ಸ್ಕ್ರೂ ಮಾಡಿದ್ದರೆ ಅದನ್ನು ತೆಗೆಸಿಯೇ ಗಾಡಿ ನೋಡಿ. ತೆಗೆಯಲು ಒಪ್ಪದ ಗಾಡಿ ಬೇಡ. ಒಳಮೈಯ ಶಾಖ ತಡೆಯುವ ಪದರ ಎಣ್ಣೆ ಕುಡಿದಿದ್ದರೆ ಬದಲಿಸಲೇಬೇಕು, ಅದು ಬೆಂಕಿಗೆ ಆಹಾರ. ಕೊಂಡ ಮೇಲೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಮಂಚದ ತಲೆದೆಸೆಯಲ್ಲಿ ಹಾಕಿಸಿ.

ಎಂಜಿನ್ ನೋಡಲು ಬೆಳಿಗ್ಗೆ ಹೋಗಿ, ಅದೂ ಮಾರುವವರು ಸ್ಟಾರ್ಟ್ ಮಾಡಿ ಬಿಸಿ ಮಾಡುವ ಮೊದಲೇ. ಮುಚ್ಚಳ ಮುಟ್ಟಿದರೆ ತಣ್ಣಗಿರಬೇಕು. ಮಲೆನಾಡಿನ ಡಿಸೆಂಬರ್ ಚಳಿಯಲ್ಲಿ ಹೀಟರ್ ಪ್ಲಗ್ ಹೋದ ಹಳೆ ಎಂಜಿನ್ ಸುಮ್ಮನೆ ಕಿರ್ರೆನ್ನುತ್ತ ಬಿಳಿ ಹೊಗೆ ಬಿಡುತ್ತದೆ. ಅದು ಸಣ್ಣ ಖರ್ಚು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಅನುಮಾನ ಪಡಿ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎತ್ತರ ಹತ್ತುವಾಗ ಮಾತ್ರ ದಟ್ಟ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ಟರ್ಬೊ ಪೈಪು, ಇಂಜೆಕ್ಟರ್ ಈ ಕ್ರಮದಲ್ಲಿ ನೋಡಿಸಿ, ಅಗ್ಗದ್ದು ಮೊದಲು. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ತುಸು ಹಬೆ ಸಹಜ, ಭುಸ್ ಎಂದು ಒತ್ತಡದಿಂದ ಹೊಗೆ ಹೊಡೆದರೆ ಪಿಸ್ಟನ್ ರಿಂಗು ಸವೆದಿದೆ. ಹಳೆ ಮೆಕ್ಯಾನಿಕಲ್ ಪಂಪಿನ ಎಂಜಿನ್ನನ್ನು ಯಾವ ಊರಿನ ಡೀಸೆಲ್ ಮೆಕ್ಯಾನಿಕ್ಕಾದರೂ ಬಿಚ್ಚುತ್ತಾರೆ. ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ಬಂದ ಮೇಲಿನವು ಹತ್ತುವುದರಲ್ಲಿ ಎಷ್ಟೋ ಮೇಲು, ಆದರೆ ದೋಷ ಓದಲು ಸ್ಕ್ಯಾನರ್ ಬೇಕು. ಸ್ಕ್ಯಾನರಿಗೆ, ಪಂಪು–ಇಂಜೆಕ್ಟರ್ ಕೆಲಸಕ್ಕೆ ಶಿವಮೊಗ್ಗಕ್ಕೇ ಬರಬೇಕು. ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್ ಸುತ್ತ ಲೇತು, ವೆಲ್ಡಿಂಗು, ಕಮಾನು ಪಟ್ಟಿ, ರೇಡಿಯೇಟರ್ ಎಲ್ಲ ಒಂದೇ ಕಡೆ ಸಿಗುತ್ತವೆ. ಏಪ್ರಿಲ್ 2020ರ ನಂತರದ ಬಿಎಸ್‌6 ಗಾಡಿಯಾದರೆ ಇನ್ನೊಂದು ಮಾತು. ಸೈಲೆನ್ಸರ್ ದಾರಿಯ ಮಸಿ ಫಿಲ್ಟರು ತನ್ನನ್ನು ತಾನು ಸುಟ್ಟು ಚೊಕ್ಕ ಮಾಡಿಕೊಳ್ಳಲು ತಡೆಯಿಲ್ಲದ ಓಟ ಬೇಕು. ಮನೆಯಿಂದ ಪೇಟೆಗೆ ಮಾತ್ರ ಓಡಿಸುತ್ತಿದ್ದರೆ ಕಟ್ಟಿಕೊಳ್ಳುತ್ತದೆ. ಆಗೀಗ ಹೆದ್ದಾರಿಯಲ್ಲಿ ಅರ್ಧ ಗಂಟೆಯಾದರೂ ಒಂದೇ ವೇಗದಲ್ಲಿ ಬಿಡಿ.

ಮೀಟರ್ ತೋರಿಸುವ ಕಿಲೋಮೀಟರನ್ನು ಟೂರಿಸ್ಟ್ ಗಾಡಿಯ ವಿಷಯದಲ್ಲಿ ನಂಬಬೇಡಿ. ಕ್ಲಚ್ ಪೆಡಲಿನ ರಬ್ಬರು, ಸ್ಟೇರಿಂಗಿನ ಮಿರುಗು, ಡ್ರೈವರ್ ಸೀಟಿನ ಕುಸಿತ ಇವು ಸುಳ್ಳು ಹೇಳುವುದು ಕಡಿಮೆ. ಹಳೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಸರ್ವಿಸ್ ಬಿಲ್ಲುಗಳಲ್ಲಿ ಬರೆದ ಕಿಲೋಮೀಟರ್ ಜೋಡಿಸಿ ನೋಡಿ. ಟೈರಿನ ಪಕ್ಕದ ನಾಲ್ಕಂಕಿಯನ್ನೂ ಓದಿ, 2319 ಎಂದಿದ್ದರೆ 2019ರ 23ನೇ ವಾರದ ಮಾಲು. ಹಿಂದೆ ಜೋಡಿ ಚಕ್ರ ಇದ್ದರೆ ಒಳಗಿನ ಟೈರುಗಳನ್ನು ಟಾರ್ಚ್ ಹಾಕಿಯೇ ನೋಡಬೇಕು. ಹೊರಗೆ ಹೊಸದು ಹಾಕಿ ಒಳಗೆ ಬೋಳು ಬಿಡುವುದು ಮಾಮೂಲು.

ಇನ್ನು ನೀರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ಕಂಪನಿಯ ಬಾಡಿ ಹೆಚ್ಚಾಗಿ ಸೋರುವುದಿಲ್ಲ. ಸೋರುವುದು ಕ್ಯಾಂಪರ್ ಮಾಡುವಾಗ ಕೊರೆದ ತೂತು. ಚಾವಣಿಯ ಫ್ಯಾನು, ಸೋಲಾರ್ ಪ್ಯಾನೆಲಿನ ಬ್ರಾಕೆಟ್ಟು, ಪಕ್ಕಕ್ಕೆ ಚಾಚುವ ನೆರಳಿನ ಬಟ್ಟೆ (ಅವ್ನಿಂಗು), ಪಕ್ಕದ ಗಾಳಿಕಿಂಡಿ, ಹೊಸದಾಗಿ ಕತ್ತರಿಸಿದ ಕಿಟಕಿ. ಸಿಲಿಕೋನ್ ಬಳಿದಿದ್ದರೆ ಎರಡು ಬೇಸಿಗೆಯಲ್ಲಿ ಅಂಚು ಏಳುತ್ತದೆ, ಅದರ ಮೇಲೆ ಬೇರೆ ಯಾವುದೂ ಹಿಡಿಯುವುದಿಲ್ಲ. ಪೂರ್ತಿ ಕೆರೆದು ತೆಗೆಯಬೇಕು. ಸರಿಯಾದ ಕ್ರಮವೆಂದರೆ ತೂತಿನ ಕೊಯ್ದ ಅಂಚಿಗೆ ಪ್ರೈಮರ್, ಅಡಿಗೆ ಬ್ಯೂಟೈಲ್ ಟೇಪು, ಮೇಲೆ ಪಾಲಿಯುರೆಥೇನ್ ಸೀಲಂಟ್. ಗಾಡಿಯನ್ನು ವಾಟರ್ ಸರ್ವಿಸಿಗೆ ಒಯ್ದು ಚಾವಣಿಗೆ ಕಾಲು ಗಂಟೆ ನೀರು ಬಿಡಿಸಿ. ಹೆಚ್ಚು ಒತ್ತಡ ಬೇಡ, ಮಳೆಯ ಹಾಗೆ ಸುರಿಯಲಿ. ಸೋರಿಕೆ ಕೂಡಲೇ ಕಾಣುವುದಿಲ್ಲ, ಒಳಗಿನ ಪ್ಯಾನೆಲಿಂಗ್ ಹಿಂದೆ ಇಳಿದು ನೆಲದ ಪ್ಲೈವುಡ್ಡಿನಲ್ಲಿ ಕೂರುತ್ತದೆ. ಮರುದಿನ ಹೋಗಿ ಮಂಚದ ಕೆಳಗಿನ ಮೂಲೆ, ಕಪಾಟಿನ ಹಿಂಬದಿ ಕೈಯಿಂದ ಒತ್ತಿ ನೋಡಿ, ಮೂಸಿ ನೋಡಿ. ಬೂಸ್ಟಿನ ವಾಸನೆ ಇದ್ದು ಗಮಗಮ ಪರ್ಫ್ಯೂಮೂ ಇದ್ದರೆ ಉತ್ತರ ಸಿಕ್ಕಿದ ಹಾಗೆ.

ಪ್ಲೈವುಡ್ ಯಾವುದೆಂದು ಕೇಳಿ. ಮಾಮೂಲಿ ಕಮರ್ಷಿಯಲ್ ಪ್ಲೈ ಮಲೆನಾಡಿನ ತೇವಕ್ಕೆ ಊದಿಕೊಂಡು ಪದರ ಬಿಡುತ್ತದೆ. ಐಎಸ್ 710 ಗುರುತಿನ ಮೆರೈನ್ ಪ್ಲೈ ತಡೆಯುತ್ತದೆ. ಹಾಗೆ ಹೇಳಿದರೆ ಸಾಲದು, ಬಾಗಿಲು ಬಿಚ್ಚಿಸಿ ಬಣ್ಣ ಹಚ್ಚದ ಮೈಮೇಲಿನ ಮುದ್ರೆ ನೋಡಿ. ಗಾಡಿಯ ಕೆಳಗೆ ಮಲಗಿ ಮೆಟ್ಟಿಲಿನ ಗುಂಡಿ, ಚಕ್ರದ ಕಮಾನು, ಕೊಳೆನೀರಿನ ಟ್ಯಾಂಕಿನ ಮೇಲಿರುವ ಚಾಸಿ ಭಾಗ ಈ ಮೂರನ್ನು ಸ್ಕ್ರೂಡ್ರೈವರಿನಿಂದ ತಟ್ಟಿ. ಹೊಸದಾಗಿ ಬಳಿದ ಕಪ್ಪು ಅಂಡರ್ ಕೋಟಿಂಗ್ ಕಂಡರೆ ಇನ್ನೂ ಜೋರಾಗಿ ತಟ್ಟಿ. ಕೆಎ 19, ಕೆಎ 20 ನಂಬರಿನ ಗಾಡಿ ಕಡಲ ಗಾಳಿ ಕುಡಿದಿರುತ್ತದೆ, ಕೆಎ 14, ಕೆಎ 15ರ ಗಾಡಿ ಕೆಮ್ಮಣ್ಣು ತಿಂದಿರುತ್ತದೆ. ಕಬ್ಬಿಣಕ್ಕೆ ಮೊದಲನೆಯದೇ ಹೆಚ್ಚು ಕೇಡು.

ಒಳಗಿನ ಸಾಮಾನಿನಲ್ಲಿ ಹಣ ಕೊಡಬೇಕಾದ್ದು ಬ್ಯಾಟರಿ ಮತ್ತು ವೈರಿಂಗಿಗೆ ಮಾತ್ರ. 12.8 ವೋಲ್ಟಿನ 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ 1,280 ವಾಟ್ ಅವರ್ ಇರುತ್ತದೆ. ಸಣ್ಣ 12 ವೋಲ್ಟ್ ಫ್ರಿಜ್ಜು ದಿನಕ್ಕೆ ಅಂದಾಜು 400–500 ನುಂಗುತ್ತದೆ. ಫ್ಯಾನು, ದೀಪ, ಮೊಬೈಲು, ನೀರಿನ ಪಂಪು ಸೇರಿ ಇನ್ನು 200. ಫೆಬ್ರವರಿಯಲ್ಲಿ 200 ವಾಟ್ ಸೋಲಾರ್ ಇದನ್ನು ಸಲೀಸಾಗಿ ತುಂಬುತ್ತದೆ. ಜುಲೈನಲ್ಲಿ, ಅದೂ ಮರದಡಿ ನಿಲ್ಲಿಸಿದರೆ, ಸೋಲಾರ್ ಇದ್ದೂ ಇಲ್ಲದ ಹಾಗೆ. ಆದ್ದರಿಂದ ಇಲ್ಲಿಗೆ ಬೇಕಾದ್ದು ಓಡುವಾಗ ಎಂಜಿನ್ನಿನಿಂದ ಚಾರ್ಜ್ ಮಾಡುವ ಡಿಸಿ–ಡಿಸಿ ಚಾರ್ಜರ್. 30 ಆಂಪಿಯರಿನದಾದರೆ ಗಂಟೆಗೆ 400 ವಾಟ್ ಅವರ್ ಹತ್ತಿರ ತುಂಬುತ್ತದೆ. ಶಿವಮೊಗ್ಗದಿಂದ ಜೋಗಕ್ಕೆ ಹೋಗುವಷ್ಟರಲ್ಲಿ ಒಂದು ದಿನದ ಖರ್ಚು ಬಂತು. ಬರೀ ರಿಲೇ ಹಾಕಿ ಎರಡು ಬ್ಯಾಟರಿ ಜೋಡಿಸಿದ್ದರೆ, ಅದೂ ಲಿಥಿಯಂ ಆಗಿದ್ದರೆ, ಆಲ್ಟರ್ನೇಟರ್ ಮಿತಿಮೀರಿ ಬಿಸಿಯಾಗುತ್ತದೆ. ಚಾವಣಿಯ ಎಸಿಗೆ ಹೆಚ್ಚು ಬೆಲೆ ಕೇಳಿದರೆ ಕೊಡಬೇಡಿ. ಈ ಬ್ಯಾಟರಿಯಲ್ಲಿ ಅದು ಒಂದು ಗಂಟೆ ಓಡಿದರೆ ಹೆಚ್ಚು, ಮೇಲಾಗಿ ಎತ್ತರ ಹೆಚ್ಚಿ ಅಡಿಕೆ ತೋಟದ ದಾರಿಯಲ್ಲಿ ಕೊಂಬೆಗೆ ತಾಗುವ ಮೊದಲ ವಸ್ತು ಅದೇ. ವೈರಿಂಗ್ ಪ್ರತಿಯೊಂದಕ್ಕೂ ಫ್ಯೂಸ್ ಇದೆಯೇ, ಬ್ಯಾಟರಿಯ ಪ್ಲಸ್‌ನಿಂದ ಗೇಣುದ್ದದೊಳಗೆ ಮುಖ್ಯ ಫ್ಯೂಸ್ ಇದೆಯೇ ನೋಡಿ. ಮಳೆಗಾಲದಲ್ಲಿ ಇಲಿ ಬೆಚ್ಚಗಿರುವಲ್ಲಿ ಗೂಡು ಕಟ್ಟುತ್ತದೆ, ವೈರು ಕಡಿಯುತ್ತದೆ. ನೆಲದ ತೂತುಗಳಿಗೆ ಸ್ಟೀಲ್ ಜಾಲರಿ ತುರುಕಿ ಮುಚ್ಚಿ.

ಗ್ಯಾಸಿಗೆ 5 ಕೆಜಿ ಸಿಲಿಂಡರ್ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿಯುತ್ತದೆ. ಹಾಗಾಗಿ ಸಿಲಿಂಡರಿನ ಗೂಡಿನ ತಳದಲ್ಲಿ ಹೊರಗೆ ತೆರೆಯುವ ತೂತು ಇರಲೇಬೇಕು, ಗೂಡಿನ ಬಾಗಿಲು ಮಲಗುವ ಜಾಗಕ್ಕೆ ತೆರೆಯಬಾರದು. ನೀರಿನ ಟ್ಯಾಂಕು 100 ಲೀಟರ್ ಎಂದರೆ 100 ಕೆಜಿ. ಎಲ್ಲ ತುಂಬಿಸಿ ವೇಬ್ರಿಡ್ಜಿಗೆ ಹತ್ತಿಸಿ, ಹಿಂದಿನ ಆಕ್ಸಲ್ ಮಾತ್ರ ಬೇರೆಯಾಗಿಯೂ ತೂಗಿಸಿ, ಆರ್‌ಸಿಯ ಒಟ್ಟು ತೂಕದೊಂದಿಗೆ ಹೋಲಿಸಿ. ಟಾಯ್ಲೆಟ್ ಡಬ್ಬಿಯನ್ನು ಮನೆಯ ಇಲ್ಲವೇ ಹೋಮ್‌ಸ್ಟೇಯ ಸೆಪ್ಟಿಕ್ ಟ್ಯಾಂಕಿಗೆ, ಕೇಳಿಕೊಂಡು ಖಾಲಿ ಮಾಡಿ. ಹೊಳೆಗಲ್ಲ.

ಕಾಗದದಲ್ಲಿ ಒಂದೇ ಮುಖ್ಯ ವಿಷಯ: ಆರ್‌ಸಿಯ ವಾಹನ ವರ್ಗದಲ್ಲಿ ಕ್ಯಾಂಪರ್ ವ್ಯಾನ್ ಎಂದಿದೆಯೇ, ಸೀಟಿನ ಸಂಖ್ಯೆ ಈಗಿರುವುದಕ್ಕೆ ತಾಳೆಯಾಗುತ್ತದೆಯೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು. ಹಳದಿ ಬೋರ್ಡಿನಲ್ಲೇ ಬಸ್ಸು ಎಂದು ಉಳಿದಿದ್ದರೆ ಎಫ್‌ಸಿ, ಪರ್ಮಿಟ್, ತೆರಿಗೆ ಎಲ್ಲ ನಿಮ್ಮ ಕುತ್ತಿಗೆಗೆ. ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ಕೇಳುವುದೂ ಇದನ್ನೇ. ಬದಲಾವಣೆ ಮಾರುವವರೇ ಮಾಡಿಸಿಕೊಟ್ಟ ಮೇಲೆ ಹಣ ಕೊಡಿ. ಸಾಲ ಇದ್ದಿದ್ದರೆ ಫಾರಂ 35, ಬೇರೆ ಆರ್‌ಟಿಒದಿಂದ ಬಂದರೆ ಫಾರಂ 28, ಹೆಸರು ಬದಲಿಗೆ 29 ಮತ್ತು 30. ಒಟ್ಟು ತೂಕ 7,500 ಕೆಜಿಯೊಳಗೆ ಇರುವುದರಿಂದ ಎಲ್‌ಎಂವಿ ಲೈಸೆನ್ಸ್ ಸಾಕು.

ಓಡಿಸುವುದರಲ್ಲಿ ಗಾಡಿ ನಿರಾಸೆ ಮಾಡುವುದಿಲ್ಲ. ಬಯಲಿನಲ್ಲಿ ಲೀಟರಿಗೆ 10 ಕಿಲೋಮೀಟರ್ ಆಸುಪಾಸು, ಘಾಟಿಯಲ್ಲಿ 7–8. ಆಗುಂಬೆಯ 14 ತಿರುವಿಗೆ 3350 ವೀಲ್‌ಬೇಸ್ (ಮುಂದಿನ–ಹಿಂದಿನ ಚಕ್ರಗಳ ನಡುವಿನ ಅಂತರ, ಮಿಲಿಮೀಟರಿನಲ್ಲಿ) ಹೇಳಿ ಮಾಡಿಸಿದ್ದು. 4020ರದ್ದು 7 ಮೀಟರ್ ಹತ್ತಿರ ಉದ್ದ. ಮಂಚ ಧಾರಾಳ, ಆದರೆ ಎದುರು ಬಸ್ಸು ಬಂದಾಗ ತಿರುವಿನಲ್ಲಿ ಹಿಂದೆ ಸರಿಯಬೇಕಾಗುತ್ತದೆ, ತೋಟದ ಮನೆಗಳ ಅಂಗಳಕ್ಕೂ ತಿರುಗುವುದಿಲ್ಲ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ, ಎಂದರೆ ಬಹುತೇಕ ಎರಡನೆಯದು. ಬ್ರೇಕ್ ವ್ಯಾಕ್ಯೂಮಿನ ಬಲದಿಂದ ನಡೆಯುವುದು, ಡೀಸೆಲ್ ಉಳಿಸಲೆಂದು ಎಂಜಿನ್ ಆಫ್ ಮಾಡಿ ಬಿಟ್ಟರೆ ಪೆಡಲ್ ಕಲ್ಲಾಗುತ್ತದೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರಿ ಬೇಗ ಕುದಿಯುವಂತಾಗುವುದರಿಂದ ಇಲ್ಲಿ ಎರಡು ವರ್ಷ ಕಾಯದೆ ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸುವುದು ಒಳ್ಳೆಯದು. ಘಾಟಿ ಹತ್ತಿ ನಿಂತ ಕೂಡಲೇ ಎಂಜಿನ್ ಆಫ್ ಮಾಡದೆ ಎರಡು ಮೂರು ನಿಮಿಷ ಬಿಡಿ, ಟರ್ಬೊ ಉಳಿಯುತ್ತದೆ, ಮುಚ್ಚಳದ ಬಿಸಿಯೂ ಇಳಿಯುತ್ತದೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ತುಮರಿ ಕಡೆಗೆ ಲಾಂಚಿಗೆ ಕಾಯುವ ಕೆಲಸವಿಲ್ಲ, ಇಷ್ಟು ದೊಡ್ಡ ಗಾಡಿಗೆ ಅದು ದೊಡ್ಡ ಉಪಕಾರ.

ಬದಲಿ ಗಾಡಿಗಳಲ್ಲಿ ಟಾಟಾ ವಿಂಗರ್ ಹಳೆಯ ರೆನೋ ಟ್ರಾಫಿಕ್ ಮೂಲದ್ದು, ಮುಂದಿನ ಚಕ್ರ ಎಳೆಯುವ ಗಾಡಿ. ನೆಲ ತಗ್ಗು, ಓಡಾಟ ಕಾರಿನಷ್ಟು ಹಿತ. ಆದರೆ ಕಡಿದಾದ ಒದ್ದೆ ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ತಿರುಗುತ್ತಲೇ ನಿಲ್ಲುತ್ತದೆ. ಟಾರು ರಸ್ತೆ ಬಿಡದವರಿಗೆ ಮಾತ್ರ. ಇಬ್ಬರೇ ಆದರೆ 2011ರಲ್ಲಿ ಬಂದ ಟಾಟಾ ವೆಂಚರ್ ನೋಡಬಹುದು. ಸೀಟಿನಡಿ 1.4 ಲೀಟರ್ ಟರ್ಬೊ ಡೀಸೆಲ್, ಹಿಂದಿನ ಚಕ್ರಕ್ಕೆ ಬಲ, ನಾಲ್ಕು ಮೀಟರಿನೊಳಗೆ ಉದ್ದ. ತಯಾರಿಕೆ ನಿಂತಿದ್ದರೂ ಎಂಜಿನ್ ಇಂಡಿಕಾ ವಂಶದ್ದಾದ್ದರಿಂದ ಅದರ ಸಾಮಾನಿಗೆ ಪರದಾಟವಿಲ್ಲ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದೆಂಬ ಬಿಲ್ ಇಲ್ಲದಿದ್ದರೆ ಕೊಂಡ ದಿನವೇ ಬೆಲ್ಟು, ಟೆನ್ಷನರ್ ಎರಡನ್ನೂ ಬದಲಿಸಿ. ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಹೆಡ್ ಬಿಚ್ಚಿ ರಿಪೇರಿ ಮಾಡಿಸಬೇಕಾಗುತ್ತದೆ.

ಟ್ರಾವೆಲರ್ ತಂದವರು ಜೂನ್ ಮೊದಲ ವಾರದೊಳಗೆ ಮುಗಿಸಬೇಕಾದ್ದು ಇಷ್ಟಿದೆ: ಚಾವಣಿಯ ಸೀಲಂಟ್ ಮುಟ್ಟಿ ನೋಡುವುದು, ವೈಪರ್ ರಬ್ಬರು, ಬಾಗಿಲಿನ ಬೀಡಿಂಗು, ಡೀಸೆಲ್ ಫಿಲ್ಟರು. ಮಳೆಗಾಲ ಪೂರ್ತಿ ಫಿಲ್ಟರಿನಡಿಯ ನೀರು ಬಿಡುವ ಸ್ಕ್ರೂವನ್ನು ವಾರಕ್ಕೊಮ್ಮೆ ಸಡಿಲಿಸಿ, ಬರೀ ಡೀಸೆಲ್ ಬರುವವರೆಗೆ ಬಿಡಿ. ಟ್ಯಾಂಕು ಅರ್ಧ ಖಾಲಿ ಇಟ್ಟು ನಿಲ್ಲಿಸಬೇಡಿ, ಒಳಗೋಡೆಯಲ್ಲಿ ಹನಿ ಕಟ್ಟಿ ನೀರು ಸೇರುತ್ತದೆ. ಮನೆಯಲ್ಲಿ ತಿಂಗಳುಗಟ್ಟಲೆ ನಿಲ್ಲುವುದಾದರೆ ತೆಂಗಿನ ಮರದಡಿ ಬೇಡ, ಅಡಿಕೆ ಹಾಳೆ ಬೀಳುವಲ್ಲೂ ಬೇಡ. ಹಾಸಿಗೆಯನ್ನು ಮನೆಯೊಳಗೆ ತೆಗೆದಿಟ್ಟು, ಕಪಾಟುಗಳನ್ನೆಲ್ಲ ತೆರೆದಿಟ್ಟು, ಚಾವಣಿಯ ಫ್ಯಾನನ್ನು ಹಗಲು ಕಡಿಮೆ ವೇಗದಲ್ಲಿ ಬಿಡಿ.