ನಾಲ್ಕಡಿ ತೊಟ್ಟಿಗೆ ಯಾವ ದೊಡ್ಡ ಮೀನು?

ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಸಮೀಪದ ನಮ್ಮ ಮನೆಯ ಚಾವಡಿಯಲ್ಲಿರುವ ಗಾಜಿನ ತೊಟ್ಟಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರವಿದ್ದು, ಅಂಚಿನವರೆಗೆ ತುಂಬಿದರೆ ಸುಮಾರು 340 ಲೀಟರ್ ನೀರು ಹಿಡಿಯುತ್ತದೆ. ಇದರಲ್ಲಿ ಪಂಗಾಸ್, ಸಿಲ್ವರ್ ಅರೋವಾನ, ಆಸ್ಕರ್ ಈ ಮೂರನ್ನೂ ಒಂದಾದ ಮೇಲೊಂದರಂತೆ ಸಾಕಿ ನೋಡಿದ ನನಗೆ, ಲೀಟರಿನ ಲೆಕ್ಕಕ್ಕಿಂತ ಮೊದಲು ತೊಟ್ಟಿಯ ಅಗಲವನ್ನು ಅಳೆಯಬೇಕೆಂಬುದು ಮನವರಿಕೆಯಾಗಿದೆ. ಬೆಳೆದ ಮೀನು ಸಲೀಸಾಗಿ ತಿರುಗಬೇಕಾದರೆ ಅಗಲವು ಮೀನಿನ ಉದ್ದಕ್ಕಿಂತ ಹೆಚ್ಚೇ ಇರಬೇಕು.

ಅಂಗಡಿಗಳಲ್ಲಿ ‘ಶಾರ್ಕ್’ ಎಂಬ ಹೆಸರಿನಲ್ಲಿ ಮಾರುವ ಪಂಗಾಸ್ ನಿಜಕ್ಕೂ ಮೆಕಾಂಗ್ ನದಿಯ ಕಡೆಯ ಕ್ಯಾಟ್‌ಫಿಶ್. ಅದು 1 ಮೀಟರ್ ಮೀರಿ ಬೆಳೆಯಬಲ್ಲದು. ಬೆರಳುದ್ದದ ಮೂರು ಮರಿಗಳು ಒಂದೂವರೆ ವರ್ಷದಲ್ಲಿ ಅಡಿ ದಾಟಿದವು. ದೀಪ ಹಾಕಿದೊಡನೆ ಬೆಚ್ಚಿ ಗಾಜಿಗೆ ಮೂತಿ ಬಡಿದು ಗಾಯ ಮಾಡಿಕೊಳ್ಳುತ್ತಿದ್ದವು. ಕೊನೆಗೆ ಅವನ್ನು ಪರಿಚಿತರೊಬ್ಬರ ಅಡಿಕೆ ತೋಟದ ಸಿಮೆಂಟಿನ ಟಾಂಕಿಗೆ ಕೊಟ್ಟೆ. ಕೆರೆಗೆ ಬಿಡಲಿಲ್ಲ, ಏಕೆಂದರೆ ಮಳೆಗಾಲದಲ್ಲಿ ಕೆರೆ ತುಂಬಿ ಹರಿದರೆ ಹೊರಗಿನ ಮೀನು ತೋಡಿಗಿಳಿದು ಪಯಸ್ವಿನಿ ಹೊಳೆಯನ್ನು ಸೇರಿಬಿಡುತ್ತದೆ.

ಅರೋವಾನದಷ್ಟು ಗಂಭೀರವಾಗಿ ಈಜುವ ಮೀನನ್ನು ನಾನು ಬೇರೆ ಕಂಡಿಲ್ಲ. ಆದರೆ 90 ಸೆಂಟಿಮೀಟರ್ ತಲುಪುವ ಅದಕ್ಕೆ ಕನಿಷ್ಠ ಮೂರಡಿ ಅಗಲ ಬೇಕು. ನೀರಿನ ಮೇಲ್ಮೈಯಲ್ಲೇ ಇದ್ದು ಹಾರಿ ಬೇಟೆಯಾಡುವುದು ಅದರ ಸ್ವಭಾವ. ಒಂದು ರಾತ್ರಿ ಹಗುರವಾದ ಮುಚ್ಚಳವನ್ನು ತಳ್ಳಿ ಹಾರಿದ ನನ್ನ ಅರೋವಾನ ಬೆಳಗ್ಗೆ ನೆಲದ ಮೇಲೆ ಸತ್ತುಬಿದ್ದಿತ್ತು. ಆ ತಪ್ಪು ನನ್ನದೇ, ಅದರ ನೋವು ಇಂದಿಗೂ ಇದೆ.

ಈ ತೊಟ್ಟಿಗೆ ಒಪ್ಪಿದ್ದು ಆಸ್ಕರ್, ಅದೂ ಒಂದೇ ಒಂದು. ಸುಮಾರು 30 ಸೆಂಟಿಮೀಟರಿಗೆ ಬೆಳೆಯುವ ಅದು 45 ಸೆಂಟಿಮೀಟರ್ ಅಗಲದಲ್ಲಿ ಆರಾಮವಾಗಿ ತಿರುಗುತ್ತದೆ, ಆಹಾರ ಹಾಕುವವರನ್ನು ಗುರುತಿಸಿ ಗಾಜಿನ ಬಳಿಗೆ ಬರುತ್ತದೆ. ಗಿಡಗಳನ್ನೆಲ್ಲ ಕಿತ್ತುಹಾಕಿದ್ದರಿಂದ ಈಗ ತೊಟ್ಟಿಯಲ್ಲಿ ದೊಡ್ಡ ಕಲ್ಲುಗಳು ಮಾತ್ರ ಇವೆ. ತಿನ್ನುವುದೂ ಗಲೀಜು ಮಾಡುವುದೂ ಹೆಚ್ಚಾದ್ದರಿಂದ ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರನ್ನು ಬದಲಿಸಲೇಬೇಕು. ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತೆಗೆಯುವ ನಮ್ಮ ಸುರಂಗದ ನೀರು ಮೃದುವಾಗಿದ್ದು (ಅಂದರೆ ಸುಣ್ಣದಂಶ ಕಡಿಮೆ), ಅಮೆಜಾನ್ ಮೂಲದ ಈ ಮೀನಿಗೆ ಒಗ್ಗುತ್ತದೆ. ಆದರೆ ಮೃದು ನೀರಿನಲ್ಲಿ ಕಾರ್ಬೊನೇಟ್ ಕಡಿಮೆ ಇರುವುದರಿಂದ, ಫಿಲ್ಟರಿನ ಬ್ಯಾಕ್ಟೀರಿಯಾ ಮೀನಿನ ಗಲೀಜಿನ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಹುಟ್ಟುವ ಆಮ್ಲವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಆಮ್ಲ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಅಳತೆ 6ಕ್ಕಿಂತ ಕೆಳಗಿಳಿದಾಗ ಮೀನು ಆಹಾರ ಬಿಟ್ಟಿತು. ನಿಧಾನವಾಗಿ ಕರಗಿ ಕಾರ್ಬೊನೇಟ್ ಕೊಡುವ ಮರುವಾಯಿಯ (ಕಪ್ಪೆಚಿಪ್ಪಿನ ಜಾತಿಯ ಜೀವಿ) ಚಿಪ್ಪುಗಳನ್ನು ಚೆನ್ನಾಗಿ ತೊಳೆದು, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಟ್ಟ ಮೇಲೆ ಈ ತೊಂದರೆ ಮರುಕಳಿಸಿಲ್ಲ.

ಉದ್ದ ನಾಲ್ಕಡಿಯಿದ್ದರೂ ಅಗಲ ಒಂದೇ ಅಡಿಯಿದ್ದರೆ ಆಸ್ಕರ್ ಕೂಡ ಬೇಡ. ಅಂಥವರಿಗೆ ನಮ್ಮ ಚಂದ್ರಗಿರಿ ಹೊಳೆಯದೇ ಆದ, 15 ಸೆಂಟಿಮೀಟರ್ ಮೀರದ ‘ಮಿಸ್ ಕೇರಳ’ ಮೀನಿನ ಆರರ ಗುಂಪನ್ನು ಸೂಚಿಸುತ್ತೇನೆ. ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಯಿಂದ ಹಿಡಿದು ಹಿಡಿದು ಅದು ಅಳಿವಿನಂಚಿಗೆ ಬಂದಿರುವುದರಿಂದ, ಸಾಕಣೆ ಕೇಂದ್ರದಲ್ಲಿ ಮರಿ ಮಾಡಿದ್ದನ್ನು ಮಾತ್ರ ಕೇಳಿ ಕೊಳ್ಳಬೇಕು.